200 ಎಂಬಿಪಿಎಸ್ ಹಾಕಿಸಿದರೂ ಬಿಲ್ ಯಾಕೆ ನಿಧಾನ?

ಪ್ರಶ್ನೆ: ಚಿಕ್ಕಮಗಳೂರಿನಲ್ಲಿ ನಮ್ಮದು ಗೊಬ್ಬರ, ಔಷಧಿ, ಪೈಪು, ಪಂಪ್‌ಸೆಟ್ ಮಾರುವ ಅಂಗಡಿ. ಕೌಂಟರ್‌ನಲ್ಲಿ ಎರಡು ಕಂಪ್ಯೂಟರ್, ಒಂದಕ್ಕೆ ಕೇಬಲ್, ಇನ್ನೊಂದಕ್ಕೆ ವೈಫೈ. ಒಳಗೆ ಆಫೀಸಿನಲ್ಲಿ ಒಂದು ಹಳೇ ಕಂಪ್ಯೂಟರ್, ಬಿಲ್, ಲೆಕ್ಕ ಬರೆಯುವ ಟ್ಯಾಲಿ ಸಾಫ್ಟ್‌ವೇರಿನ ಡೇಟಾ ಇರುವುದು ಅದರಲ್ಲೇ. ಹಿಂದುಗಡೆ ಸುಮಾರು 60 ಮೀಟರ್ ದೂರದಲ್ಲಿ ಗೋಡೌನ್. ಮೂಡಿಗೆರೆ ಬ್ರಾಂಚನ್ನು ತಮ್ಮ ನೋಡಿಕೊಳ್ಳುತ್ತಾನೆ. ಬಿಲ್ ಹಾಕುವುದು ತುಂಬಾ ನಿಧಾನ ಅಂತ 50 ಎಂಬಿಪಿಎಸ್ ಇದ್ದ ಬ್ರಾಡ್‌ಬ್ಯಾಂಡನ್ನು 200ಕ್ಕೆ ಏರಿಸಿದೆವು. ಆಫೀಸ್ ಕಂಪ್ಯೂಟರ್‌ನಲ್ಲಿ ಸ್ಪೀಡ್ ಟೆಸ್ಟ್ ಮಾಡಿದರೆ 94ರ ಮೇಲೆ ಹೋಗುವುದೇ ಇಲ್ಲ. ಬಿಲ್ ಮೊದಲಿನಷ್ಟೇ ನಿಧಾನ. ಸಾಫ್ಟ್‌ವೇರ್ ಮಾರುವವರೊಬ್ಬರು ‘ಎಡಿಟ್ ಲಾಗ್ (ಲೆಕ್ಕದಲ್ಲಿ ಯಾರು ಏನು ತಿದ್ದಿದರು ಅನ್ನುವ ದಾಖಲೆ) ಕಡ್ಡಾಯ ಆಗಿದೆ, ಕ್ಲೌಡ್‌ಗೆ (ಇಂಟರ್ನೆಟ್ ಮೇಲೆ ನಡೆಯುವ ಸಾಫ್ಟ್‌ವೇರ್‌ಗೆ) ಬನ್ನಿ, ಎಲ್ಲಾ ಸರಿಹೋಗುತ್ತೆ’ ಅನ್ನುತ್ತಿದ್ದಾರೆ. ಏನು ಮಾಡಲಿ? ಒಂದು ಹಳೇ ರೂಟರ್ ಬಿದ್ದಿದೆ, ಗೋಡೌನ್‌ಗೆ ಬಳಸಬಹುದಾ?

ಉತ್ತರ: ಅರ್ಧ ಉತ್ತರವನ್ನು ನೀವೇ ಬರೆದುಬಿಟ್ಟಿದ್ದೀರಿ. ಆ 94.

ನೆಟ್‌ವರ್ಕ್ ಕೆಲಸ ಮಾಡುವವರು ಸ್ಪೀಡ್ ಟೆಸ್ಟ್‌ನಲ್ಲಿ 93, 94 ಅಂತ ಕಂಡರೆ ಬ್ರಾಡ್‌ಬ್ಯಾಂಡ್ ಕಂಪನಿಗೆ ಫೋನ್ ಮಾಡುವುದಿಲ್ಲ. ಮೇಜಿನ ಕೆಳಗೆ ಬಗ್ಗುತ್ತಾರೆ. ಯಾಕಂದರೆ ಅದು 100 ಎಂಬಿಪಿಎಸ್ ಲಿಂಕಿನ ಗುರುತು. ಪ್ಯಾಕೆಟ್‌ಗಳ ವಿಳಾಸ ಗಿಳಾಸದ ಖರ್ಚು ಕಳೆದು ಅಂಥ ಲಿಂಕಿನಲ್ಲಿ ಕೈಗೆ ಸಿಗುವುದು 94ರ ಆಸುಪಾಸು. ಅಂದರೆ ಕಂಪನಿಯವರು 200 ಕೊಡುತ್ತಿರಬಹುದು, ನಿಮ್ಮ ಅಂಗಡಿಯೊಳಗೇ ಎಲ್ಲೋ ಅದು 100ಕ್ಕೆ ಕಟ್ಟಿಹಾಕಿಕೊಂಡಿದೆ. ನಾಲ್ಕು ಇಂಚಿನ ಪೈಪಿಗೆ ಅರ್ಧ ಇಂಚಿನ ನಲ್ಲಿ ಕೂರಿಸಿದರೆ ಏನಾಗುತ್ತೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಎಲ್ಲಿ ಅಂತ ಹುಡುಕುವುದು ಕಷ್ಟವಲ್ಲ. ಆಫೀಸ್ ಕಂಪ್ಯೂಟರ್‌ನ ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್‌ಗೆ ಹೋಗಿ, ಈಥರ್ನೆಟ್ ಪ್ರಾಪರ್ಟೀಸ್ ತೆಗೆಯಿರಿ. ಲಿಂಕ್ ಸ್ಪೀಡ್ ಅಂತ ಒಂದು ಸಾಲು ಇರುತ್ತೆ. ಅಲ್ಲಿ 1000/1000, ಅಂದರೆ ಗಿಗಾಬಿಟ್, ಇರಬೇಕು. ನಿಮ್ಮಲ್ಲಿ ಬಹುಶಃ 100/100 ಅಂತ ಇದೆ. ಮೊದಲು ಗೋಡೆಯ ಮೇಲಿರುವ ಫೈಬರ್ ಡಬ್ಬಿಯ ಹಿಂಭಾಗ ನೋಡಿ. ಎಷ್ಟೋ ಡಬ್ಬಿಗಳಲ್ಲಿ ನಾಲ್ಕು ಲ್ಯಾನ್ ಪೋರ್ಟ್ (ಅಂಗಡಿಯೊಳಗಿನ ಕೇಬಲ್ ಚುಚ್ಚುವ ತೂತು) ಇದ್ದರೂ ಗಿಗಾಬಿಟ್ ಇರುವುದು ಒಂದೇ, ಉಳಿದ ಮೂರು 100ರವು. ಕೇಬಲ್ ಸುಮ್ನೆ ಬೇರೆ ತೂತಿನಲ್ಲಿ ಚುಚ್ಚಿಕೊಂಡಿರಬಹುದು. ಪೋರ್ಟ್ ಬದಲಿಸಿದ ಮೇಲೂ 100 ಎಂದೇ ತೋರಿಸಿದರೆ ಮಧ್ಯೆ ಇರುವ ಹಳೇ ಸ್ವಿಚ್ಚನ್ನು, ಅಂದರೆ ಒಂದು ಕೇಬಲ್ಲನ್ನು ಹಲವು ಕಂಪ್ಯೂಟರಿಗೆ ಹಂಚುವ ಡಬ್ಬಿಯನ್ನು, ಅನುಮಾನಿಸಿ. ಅದೂ ಗಿಗಾಬಿಟ್ಟೇ ಆಗಿದ್ದರೆ ಉಳಿಯುವುದು ಕೇಬಲ್.

ಕೇಬಲ್ ವಿಷಯದಲ್ಲಿ ಸ್ವಲ್ಪ ನಿಂತು ಮಾತಾಡುತ್ತೇನೆ, ಏಕೆಂದರೆ ನಮ್ಮ ಕಡೆ ಹೆಚ್ಚಿನ ಗೋಳು ಇರುವುದು ಇಲ್ಲೇ. ಕೌಂಟರ್ ಕೆಳಗಿನ ಕೇಬಲ್ಲಿನ ತುದಿ ತೆಗೆದುಕೊಂಡು, ಆ ಪಾರದರ್ಶಕ ಪ್ಲಗ್ಗನ್ನು ಬೆಳಕಿಗೆ ಹಿಡಿದು ನೋಡಿ. ಎಂಟು ತಂತಿ ಕಾಣಬೇಕು: ಕಿತ್ತಳೆ, ಹಸಿರು, ನೀಲಿ, ಕಂದು, ಪ್ರತಿ ಬಣ್ಣದ ಜೊತೆಗೊಂದು ಬಿಳಿ ಪಟ್ಟೆಯದು. 100 ಎಂಬಿಪಿಎಸ್‌ಗೆ ಕಿತ್ತಳೆ, ಹಸಿರು ಈ ಎರಡು ಜೋಡಿ ಸಾಕು. ಹಾಗಾಗಿ ಹಿಂದೆ ಕೆಲವರು ಒಂದೇ ಕೇಬಲ್‌ನಲ್ಲಿ ಎರಡು ಜೋಡಿ ಒಂದು ಕಂಪ್ಯೂಟರ್‌ಗೆ, ಉಳಿದೆರಡು ಇನ್ನೊಂದಕ್ಕೆ ಕೊಟ್ಟು ಖರ್ಚು ಉಳಿಸುತ್ತಿದ್ದರು. ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕು. ನೀಲಿ, ಕಂದು ಜೋಡಿಯ ಒಂದು ತಂತಿ ಪ್ಲಗ್ಗಿಗೆ ಸರಿಯಾಗಿ ಕ್ರಿಂಪ್ ಆಗದಿದ್ದರೂ, ಇಲಿ ಕಡಿದಿದ್ದರೂ, ಲಿಂಕು ದೂರು ಹೇಳದೆ 100ಕ್ಕೆ ಇಳಿದು ಕೆಲಸ ಮಾಡುತ್ತಲೇ ಇರುತ್ತೆ. ಯಾರಿಗೂ ಗೊತ್ತಾಗುವುದಿಲ್ಲ.

ಹೊಸ ಕೇಬಲ್ ಎಳೆಸುವುದಾದರೆ ಕ್ಯಾಟ್ 6 ದರ್ಜೆಯ ಕೇಬಲ್ ತರಿಸಿ. ಆದರೆ ಡಬ್ಬದ ಮೇಲೆ ಕ್ಯಾಟ್ 6 ಅಂತ ಬರೆದಿದ್ದನ್ನೆಲ್ಲ ನಂಬಬೇಡಿ. ಅಲ್ಯೂಮಿನಿಯಂ ತಂತಿಗೆ ತಾಮ್ರದ ಲೇಪ ಹಾಕಿದ ಮಾಲು ಮಾರುಕಟ್ಟೆಯಲ್ಲಿ ಧಾರಾಳವಾಗಿ ಸಿಗುತ್ತೆ, ಅದಕ್ಕೆ ಸಿಸಿಎ ಅಂತಾರೆ. ರೇಟು ಕಡಿಮೆ. ಕೈಯಲ್ಲಿ ಹಿಡಿದರೆ ಡಬ್ಬ ಹಗುರ ಅನ್ನಿಸುತ್ತೆ. ಒಂದು ಎಳೆ ತೆಗೆದು ಬ್ಲೇಡಿನಿಂದ ಕೆರೆಯಿರಿ, ಒಳಗೆ ಬೆಳ್ಳಗೆ ಕಂಡರೆ ವಾಪಸ್ ಕೊಡಿ. ಪಂಪ್‌ಸೆಟ್ ವೈಂಡಿಂಗ್ ತಂತಿಯಲ್ಲಿ ತಾಮ್ರವೋ ಅಲ್ಯೂಮಿನಿಯಮ್ಮೋ ಅಂತ ಗಿರಾಕಿ ನಿಮ್ಮನ್ನೇ ಕೇಳುತ್ತಾರಲ್ಲ, ಹಾಗೇ ನೀವೂ ಕೇಳಿ.

ಇಷ್ಟೆಲ್ಲ ಮಾಡಿ 94 ಹೋಗಿ 190 ಬಂತು ಅನ್ನೋಣ. ಆ ಇಂಟರ್ನೆಟ್ ವೇಗದಿಂದ ಬಿಲ್ ಬೇಗ ಆಗುತ್ತಾ? ಇಲ್ಲ.

ಇದು ನಿಮ್ಮಂಥ ಎಲ್ಲಾ ಅಂಗಡಿಯವರಿಗೂ ಹೇಳುವ ಮಾತು. ನಿಮ್ಮ ಟ್ಯಾಲಿ ಬಿಲ್ ಹಾಕುವಾಗ ಇಂಟರ್ನೆಟ್ಟಿಗೆ ಹೋಗುವುದೇ ಇಲ್ಲ. ಕೌಂಟರ್ ಕಂಪ್ಯೂಟರಿನಿಂದ ಆಫೀಸ್ ಕಂಪ್ಯೂಟರಿನ ಹಾರ್ಡ್ ಡಿಸ್ಕಿಗೆ ಹೋಗಿ ಬರುತ್ತೆ, ಅಷ್ಟೇ. ಇ-ವೇ ಬಿಲ್, ಇ-ಇನ್‌ವಾಯ್ಸ್, ಜಿಎಸ್‌ಟಿ ರಿಟರ್ನ್, ಇವಕ್ಕೆ ಮಾತ್ರ ಹೊರಗಿನ ದಾರಿ ಬೇಕು. ಅವು ಕಳಿಸುವ ಮಾಹಿತಿ ತೀರಾ ಕಮ್ಮಿ, 10 ಎಂಬಿಪಿಎಸ್ ಇದ್ದರೂ ಧಾರಾಳ. ಅನುಮಾನ ಇದ್ದರೆ ಇವತ್ತೇ ಪರೀಕ್ಷೆ ಮಾಡಿ. ಮಧ್ಯಾಹ್ನ ಗಿರಾಕಿ ಕಮ್ಮಿ ಇರುವ ಹೊತ್ತಿನಲ್ಲಿ ಡಬ್ಬಿಯಿಂದ ಫೈಬರ್ ವೈರನ್ನು ಐದು ನಿಮಿಷ ಬಿಚ್ಚಿ. ಡಬ್ಬಿಯನ್ನು ಆಫ್ ಮಾಡಬೇಡಿ, ಫೈಬರ್ ಮಾತ್ರ. ಬಿಚ್ಚಿದ ತುದಿಗೆ ಕೈ ತಾಗಿಸಬೇಡಿ, ಧೂಳು ಕೂತರೆ ಇನ್ನೊಂದು ತಲೆನೋವು. ಈಗ ಬಿಲ್ ಹಾಕಿ ನೋಡಿ. ಅಷ್ಟೇ ನಿಧಾನ ಇದ್ದರೆ ಬ್ರಾಡ್‌ಬ್ಯಾಂಡಿನದು ತಪ್ಪಿಲ್ಲ. ಆಮೇಲೆ ಅದೇ ಬಿಲ್ಲನ್ನು ಆಫೀಸ್ ಕಂಪ್ಯೂಟರಿನಲ್ಲೇ ಕೂತು ಹಾಕಿ. ಅಲ್ಲಿ ಚಕಚಕ ಆಗಿ ಕೌಂಟರ್‌ನಲ್ಲಿ ಎಳೆದರೆ ದೋಷ ಮಧ್ಯದ ದಾರಿಯದು, ಅಂದರೆ ಕೇಬಲ್, ಸ್ವಿಚ್, ವೈಫೈ. ಅಲ್ಲೂ ಎಳೆದರೆ ಆ ಕಂಪ್ಯೂಟರಿನದ್ದೇ.

ವೈಫೈ ಮೇಲಿನ ಕೌಂಟರ್ ಬಗ್ಗೆ ನನ್ನ ಅಭಿಪ್ರಾಯ ಖಡಾಖಂಡಿತ: ಬಿಲ್ಲಿಂಗ್ ಕಂಪ್ಯೂಟರ್ ವೈಫೈ ಮೇಲೆ ಇರಬಾರದು. ನಿಮ್ಮಲ್ಲಿ ಕಬ್ಬಿಣದ ರ‍್ಯಾಕ್, ಜಿಐ ಪೈಪು, ಮೋಟಾರ್ ತುಂಬಿಕೊಂಡಿವೆ, ಸಿಗ್ನಲ್ ತಿನ್ನಲು ಇದಕ್ಕಿಂತ ಬೇರೆ ಬೇಕಾ? ನಿಧಾನ ಆಗುವುದು ದೊಡ್ಡದಲ್ಲ. ಬಿಲ್ ಸೇವ್ ಆಗುವ ಗಳಿಗೆಯಲ್ಲೇ ವೈಫೈ ತಪ್ಪಿದರೆ ಡೇಟಾ ಫೈಲೇ ಕೆಡುವ ಅಪಾಯ ಇದೆ. ವೈಫೈ ಇರಲಿ, ಮೊಬೈಲ್‌ಗೆ ಇರಲಿ. ಗೊಬ್ಬರದ ಪಿಓಎಸ್ ಮೆಷಿನ್ ಅದರ ಮೇಲೆ ಓಡುತ್ತಿದ್ದರೆ ಅದಕ್ಕೂ ಇರಲಿ. ರೈತರು ಹೆಬ್ಬೆಟ್ಟು ಒತ್ತಿ ಸರ್ವರ್ ಉತ್ತರಕ್ಕೆ ಕಾಯುವಾಗ ಸಿಮ್ ಸಿಗ್ನಲ್‌ಗಿಂತ ಅದೇ ವಾಸಿ. ಕೆಲಸದವರ, ಗಿರಾಕಿಗಳ ಮೊಬೈಲ್‌ಗೆ ಗೆಸ್ಟ್ ವೈಫೈ ಅಂತ ಬೇರೆ ಮಾಡಿ, ಅದರಿಂದ ಬಿಲ್ಲಿಂಗ್ ಕಂಪ್ಯೂಟರ್‌ಗೆ ದಾರಿ ಇರಬಾರದು.

ಆಫೀಸಿನ ಹಳೇ ಕಂಪ್ಯೂಟರ್‌ನಲ್ಲಿ ತಿರುಗುವ ಹಾರ್ಡ್ ಡಿಸ್ಕ್ ಇದ್ದರೆ ನಿಧಾನಕ್ಕೆ ಅದೇ ದೊಡ್ಡ ಕಾರಣ ಇರಬಹುದು. ದೊಡ್ಡ ಫೈಲು ಕಾಪಿ ಮಾಡುವಾಗ ಅದು ಸೆಕೆಂಡಿಗೆ 100 ಎಂಬಿ ತೋರಿಸಿ ನಂಬಿಸುತ್ತೆ. ಲೆಡ್ಜರ್ ಹುಡುಕುವಂಥ ಚೂರುಪಾರು ಓದುವಿಕೆಗೆ ಬಂದಾಗ ಒಂದೆರಡು ಎಂಬಿಗೆ ಕುಸಿಯುತ್ತೆ. ಅದರ ಬದಲು ತಿರುಗುವ ಭಾಗವಿಲ್ಲದ ಎಸ್‌ಎಸ್‌ಡಿ ಡಿಸ್ಕ್ ಹಾಕಿದರೆ ಟ್ಯಾಲಿ ತೆರೆಯುವುದರಲ್ಲೇ ವ್ಯತ್ಯಾಸ ಗೊತ್ತಾಗುತ್ತೆ. ಆದರೆ ಹಾಕುವ ಮುಂಚೆ ಅದರ ಪ್ರೊಸೆಸರ್ ಯಾವುದು ನೋಡಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. ವಿಂಡೋಸ್ 11 ಬೇಕಂದರೆ ಇಂಟೆಲ್ ಕೋರ್‌ನಲ್ಲಿ 8ನೇ ತಲೆಮಾರು ಅಥವಾ ಅದರ ನಂತರದ್ದು ಇರಬೇಕು, ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ಚಿಪ್. ಅದಕ್ಕಿಂತ ಹಳೆಯದಾದರೆ ದುಡ್ಡು ಸುರಿಯಬೇಡಿ. ವಿಂಡೋಸ್ ಪ್ರೊ ಇರುವ ಹೊಸ ಕಂಪ್ಯೂಟರ್ ತಂದು, ಅದರಲ್ಲಿ ಡೇಟಾ ಇಟ್ಟು, ಅದರ ಮುಂದೆ ಯಾರೂ ಕೂರದ ಹಾಗೆ ಮೂಲೆಯಲ್ಲಿ ಯುಪಿಎಸ್ ಜೊತೆ ಇಟ್ಟುಬಿಡಿ. ನಿಮ್ಮ ಅಳತೆಯ ಅಂಗಡಿಗೆ ರ‍್ಯಾಕ್ ಸರ್ವರ್ ಬೇಡ. ಆಂಟಿವೈರಸ್ ಪ್ರತಿ ಸಲ ಟ್ಯಾಲಿ ಡೇಟಾ ಫೋಲ್ಡರ್ ಕೆದಕುತ್ತಾ ಕೂರದಂತೆ ಆ ಫೋಲ್ಡರ್ ಒಂದಕ್ಕೆ ವಿನಾಯಿತಿ ಕೊಡಿಸಿ.

ಗೋಡೌನ್‌ಗೆ 60 ಮೀಟರ್. ಕ್ಯಾಟ್ 6 ತಾಮ್ರದ ಕೇಬಲ್ 100 ಮೀಟರ್‌ವರೆಗೆ ಗಿಗಾಬಿಟ್ ಕೊಡುತ್ತೆ, ಲೆಕ್ಕದ ಪ್ರಕಾರ ತೊಂದರೆ ಇಲ್ಲ. ಆದರೂ ಬೇಡ ಅನ್ನುತ್ತೇನೆ. ಏಪ್ರಿಲ್–ಮೇ ಗುಡುಗು ಮಳೆಯಲ್ಲಿ, ಬಯಲಲ್ಲಿ ಎಳೆದ ತಾಮ್ರದ ತಂತಿ ಸಿಡಿಲಿನ ಸರ್ಜ್ ಹೊತ್ತು ತರುತ್ತೆ. ಆ ತುದಿಯ ಸ್ವಿಚ್, ಈ ತುದಿಯ ಸ್ವಿಚ್, ಅದಕ್ಕೆ ಚುಚ್ಚಿದ ಕಂಪ್ಯೂಟರ್‌ಗಳ ಲ್ಯಾನ್ ಪೋರ್ಟು, ಎಲ್ಲಾ ಒಟ್ಟಿಗೆ ಸುಡುವುದನ್ನು ಬೇಲೂರು ಕಡೆಯಿಂದ ಕೊಪ್ಪದವರೆಗೆ ಬೇಕಾದಷ್ಟು ಕಂಡಿದ್ದೇನೆ. ಎರಡು ಕಟ್ಟಡದ ಮಧ್ಯೆ ಫೈಬರ್ ಎಳೆಸಿ, ಎರಡು ತುದಿಗೆ ಫೈಬರಿನ ಬೆಳಕನ್ನು ಕೇಬಲ್ ಸಿಗ್ನಲ್ಲಿಗೆ ಬದಲಿಸುವ ಮೀಡಿಯಾ ಕನ್ವರ್ಟರ್ ಕೂರಿಸಿ. ಗಾಜಿನ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲ. ಕೆಲವು ಡ್ರಾಪ್ ಕೇಬಲ್‌ಗಳಲ್ಲಿ (ಕಟ್ಟಡಕ್ಕೆ ಎಳೆಯುವ ಫೈಬರ್ ಕೇಬಲ್) ಆಸರೆಗೆ ಉಕ್ಕಿನ ತಂತಿ ಇರುತ್ತೆ, ಅದನ್ನು ಗೋಡೆಯ ಹೊರಗೇ ಕತ್ತರಿಸಿಬಿಡಲು ಹೇಳಿ. ಇದನ್ನು ಮರೆತರೆ ಫೈಬರ್ ಹಾಕಿದ ಪುಣ್ಯ ಅರ್ಧ ವ್ಯರ್ಥ.

ಇನ್ನು ಬ್ರಾಡ್‌ಬ್ಯಾಂಡ್. 200ರ ಪ್ಲಾನ್ ಇಳಿಸಿ ಅಂದರೆ ನಿಮಗೆ ಬೇಜಾರಾಗಬಹುದು, ಆದರೆ ಅದೇ ಸರಿ. 100 ಸಾಕು. ಉಳಿದ ದುಡ್ಡನ್ನು ಎರಡನೇ ಲೈನ್‌ಗೆ ಹಾಕಿ. ಚಿಕ್ಕಮಗಳೂರಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ನಿಮಗೆ ಬೇಕಾದ್ದು ವೇಗವಲ್ಲ, ಲೈನ್ ಇರುವುದು. ಇಲ್ಲೊಂದು ಸೂಕ್ಷ್ಮ ಇದೆ. ಬೇರೆ ಬೇರೆ ಕಂಪನಿಯ ಎರಡು ಫೈಬರ್ ತಗೊಂಡು ಸಮಾಧಾನ ಪಟ್ಟುಕೊಳ್ಳುತ್ತಾರೆ. ತಲೆ ಎತ್ತಿ ನೋಡಿದರೆ ಎರಡೂ ಅದೇ ಮೆಸ್ಕಾಂ ಕರೆಂಟ್ ಕಂಬದ ಮೇಲೆ ಬಂದಿರುತ್ತವೆ. ಒಂದು ಮರ ಬಿದ್ದರೆ ಎರಡೂ ಹೋಯಿತು. ಅದಕ್ಕೆ ಒಂದು ಫೈಬರ್, ಇನ್ನೊಂದು 4ಜಿ ಅಥವಾ 5ಜಿ ಸಿಮ್ ಹಾಕುವ ರೂಟರ್. ಎರಡನ್ನೂ ಡ್ಯುಯಲ್ ವ್ಯಾನ್ (ಹೊರಗಿನ ಎರಡು ಲೈನ್ ತೆಗೆದುಕೊಳ್ಳುವ) ರೂಟರ್‌ಗೆ ಕೊಟ್ಟರೆ ಒಂದು ಹೋದಾಗ ಇನ್ನೊಂದಕ್ಕೆ ಅದೇ ಬದಲಾಯಿಸಿಕೊಳ್ಳುತ್ತೆ. ಫೈಬರ್ ಡಬ್ಬಿ, ರೂಟರ್, ಸ್ವಿಚ್ ಮೂರಕ್ಕೂ ಯುಪಿಎಸ್ ಕೊಡಿ. ಕಂಪ್ಯೂಟರ್‌ಗೆ ಯುಪಿಎಸ್ ಕೊಟ್ಟು ಮೂವತ್ತು ಅಡಿ ದೂರದ ಸ್ವಿಚ್ಚನ್ನು ಹಾಗೇ ಬಿಟ್ಟಿರುವ ಅಂಗಡಿಗಳೇ ಜಾಸ್ತಿ.

ಲೈನ್‌ಮನ್ ಬಂದಾಗ ಒಂದು ಸಂಖ್ಯೆ ಕೇಳಿ ಬರೆದಿಟ್ಟುಕೊಳ್ಳಿ. ಅವರ ಹತ್ತಿರ ಪವರ್ ಮೀಟರ್ ಇರುತ್ತೆ, ನಿಮ್ಮ ಡಬ್ಬಿಗೆ ಬರುವ ಬೆಳಕು ಎಷ್ಟು ಅಂತ ಅಳೆಯುತ್ತಾರೆ. ಡಿಬಿಎಂ ಲೆಕ್ಕದಲ್ಲಿ ಮೈನಸ್ 20ರ ಆಸುಪಾಸು ಇದ್ದರೆ ಚೆನ್ನಾಗಿದೆ. ಮೈನಸ್ 27ರ ಹತ್ತಿರ ಹೋಗಿದ್ದರೆ ಲೈನ್ ಇವತ್ತು ಓಡುತ್ತೆ, ಮಳೆ ಹಿಡಿದ ಮೇಲೆ ಕೈಕೊಡುತ್ತೆ. ಆಗಲೇ ಜಾಯಿಂಟ್ ಸರಿಮಾಡಿ ಕೊಡಿ ಅಂತ ಕೂರಬೇಕು. ಎಲ್‌ಓಎಸ್ ಅನ್ನುವ ಕೆಂಪು ದೀಪ ಹತ್ತಿದ ಮೇಲೆ ಕಸ್ಟಮರ್ ಕೇರ್‌ನವರು ರೂಟರ್ ಆಫ್ ಮಾಡಿ ಆನ್ ಮಾಡಿ ಅಂತಾರೆ. ಬೆಳಕೇ ಬರದಿದ್ದಾಗ ಹತ್ತು ಸಲ ಆಫ್ ಆನ್ ಮಾಡಿದರೂ ಅಷ್ಟೇ. ಕೆಂಪು ದೀಪ ಉರಿಯುತ್ತಿದೆ ಅಂತ ಮೊದಲ ಮಾತಲ್ಲೇ ಹೇಳಿ.

ಈಗ ಕ್ಲೌಡ್. ಮೊದಲು ಎಡಿಟ್ ಲಾಗ್ ಹೆದರಿಕೆ ಬಿಡಿ. 2023ರ ಏಪ್ರಿಲ್ 1ರಿಂದ ಅದು ಕಡ್ಡಾಯ ಆಗಿರುವುದು ಕಂಪನಿ ಕಾಯ್ದೆಯಡಿ ನೋಂದಾಯಿಸಿದ ಕಂಪನಿಗಳಿಗೆ. ನಿಮ್ಮದು ಒಬ್ಬರ ಹೆಸರಿನ ಅಂಗಡಿಯೋ, ಅಣ್ಣತಮ್ಮಂದಿರ ಪಾಲುದಾರಿಕೆಯೋ ಆದರೆ ಆ ನಿಯಮ ನಿಮಗೆ ಬರುವುದಿಲ್ಲ. ಪ್ರೈವೇಟ್ ಲಿಮಿಟೆಡ್ ಆಗಿದ್ದರೂ ಅದಕ್ಕಾಗಿ ಕ್ಲೌಡ್‌ಗೆ ಓಡಬೇಕಾಗಿಲ್ಲ, ಟ್ಯಾಲಿಯಲ್ಲೇ ಎಡಿಟ್ ಲಾಗ್ ಇರುವ ಆವೃತ್ತಿ ಇದೆ. ಇ-ಇನ್‌ವಾಯ್ಸ್ ಬೇರೆ ಮಾತು: ವರ್ಷದ ವಹಿವಾಟು 5 ಕೋಟಿ ದಾಟಿದ್ದರೆ 2023ರ ಆಗಸ್ಟ್ 1ರಿಂದ ಜಿಎಸ್‌ಟಿ ಇರುವ ಗಿರಾಕಿಗಳ ಬಿಲ್ಲಿಗೆ ಅದು ಬೇಕು. ಈ ಲೆಕ್ಕ ನಿಮ್ಮ ಆಡಿಟರ್ ಹೇಳಲಿ, ಸಾಫ್ಟ್‌ವೇರ್ ಮಾರುವವರಲ್ಲ.

ಕ್ಲೌಡ್ ಸಾಫ್ಟ್‌ವೇರ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಮೂಡಿಗೆರೆ ಸ್ಟಾಕ್ ಇಲ್ಲಿ ಕೂತೇ ಕಾಣಬೇಕು ಅನ್ನುವವರಿಗೆ ಅದು ಅನುಕೂಲ. ಆದರೆ ಈಗ ಇಂಟರ್ನೆಟ್ ಹೋದರೂ ನಿಮ್ಮ ಬಿಲ್ ನಡೆಯುತ್ತೆ, ಆಗ ನಡೆಯುವುದಿಲ್ಲ. ಎರಡನೇ ಲೈನ್ ಇಲ್ಲದೆ ಒಪ್ಪಿಕೊಳ್ಳಬೇಡಿ. ಡೆಮೋಗೆ ಬಂದವರು ತಮ್ಮ ಲ್ಯಾಪ್‌ಟಾಪ್‌ನಲ್ಲಿ ಸೋಪು, ಬಿಸ್ಕತ್ತು ಮಾರಿ ತೋರಿಸುತ್ತಾರೆ. ಅದು ಬೇಡ. ನಿಮ್ಮ ಮಾಲು ಹಾಕಿಸಿ. ಯೂರಿಯಾ ಚೀಲ 45 ಕೆ.ಜಿ., ಡಿಎಪಿ ಚೀಲ 50 ಕೆ.ಜಿ.; ಅರ್ಧ ಚೀಲ ಬಿಡಿಯಾಗಿ ಹೋದಾಗ ಸ್ಟಾಕ್ ಸರಿ ಇಳಿಯುತ್ತಾ? ಔಷಧಿಗೆ ಬ್ಯಾಚ್ ನಂಬರ್, ಎಕ್ಸ್‌ಪೈರಿ ಬರುತ್ತಾ? ಪೈಪನ್ನು ಲೆಂತ್‌ನಲ್ಲಿ ಕೊಂಡು ಅಡಿಯಲ್ಲಿ ಮಾರಿದರೆ? ಗಿರಾಕಿಯ ಹೆಸರು ಕನ್ನಡದಲ್ಲಿ ಹಾಕಿದರೆ ನಿಮ್ಮ ಥರ್ಮಲ್ ಪ್ರಿಂಟರ್‌ನಲ್ಲಿ ಅಕ್ಷರ ಬರುತ್ತಾ, ಬರೀ ಚೌಕ ಬರುತ್ತಾ? ಇದನ್ನೆಲ್ಲ ನಿಮ್ಮ ಕೌಂಟರ್ ಹುಡುಗನೇ ಕೂತು ಮಾಡಿ ನೋಡಲಿ. ಕೊನೆಗೆ ಒಂದು ಕೇಳಿ: ನಾಳೆ ನಾನು ಬಿಟ್ಟುಹೋದರೆ ನನ್ನ ಡೇಟಾ ಎಕ್ಸೆಲ್‌ನಲ್ಲಿ ಪೂರ್ತಿ ಕೊಡ್ತೀರಾ? ಬಾಯಿಮಾತಲ್ಲ, ಬರೆದು ಕೊಡಬೇಕು.

ಕ್ಲೌಡ್ ಬೇಡ, ಟ್ಯಾಲಿಯನ್ನೇ ಮೂಡಿಗೆರೆಯಿಂದ ಬಳಸಬೇಕು ಅಂದರೂ ದಾರಿ ಇದೆ. ಡೇಟಾ ಫೋಲ್ಡರನ್ನೇ ವಿಪಿಎನ್ (ಇಂಟರ್ನೆಟ್ ಮೇಲಿನ ಖಾಸಗಿ, ಬೀಗ ಹಾಕಿದ ದಾರಿ) ಮೇಲೆ ಅಲ್ಲಿಗೆ ತೆರೆದುಕೊಡಬೇಡಿ. ಒಂದು ರಿಪೋರ್ಟ್ ತೆಗೆಯಲು ಕಂಪ್ಯೂಟರ್ ಆ ಫೋಲ್ಡರಿಗೆ ಸಾವಿರ ಸಲ ಹೋಗಿ ಬಂತು ಅನ್ನಿ. ಅಂಗಡಿಯೊಳಗೆ ಒಂದು ಸಲಕ್ಕೆ ಮಿಲಿಸೆಕೆಂಡೂ ಹಿಡಿಯುವುದಿಲ್ಲ, ಒಂದು ಸೆಕೆಂಡಲ್ಲಿ ಮುಗಿಯಿತು. ಮೂಡಿಗೆರೆ ರಸ್ತೆಯಲ್ಲಿ ಹತ್ತಿರ ಇರಬಹುದು, ಡೇಟಾ ಮಾತ್ರ ಸಾಮಾನ್ಯವಾಗಿ ಬೆಂಗಳೂರು ಸುತ್ತಿ ಬರುತ್ತೆ. ಒಂದು ಸಲಕ್ಕೆ 30 ಮಿಲಿಸೆಕೆಂಡ್ ಆದರೆ ಅದೇ ರಿಪೋರ್ಟ್‌ಗೆ ಅರ್ಧ ನಿಮಿಷ. ಎಂಬಿಪಿಎಸ್ ಎಷ್ಟು ಏರಿಸಿದರೂ ಈ ಹೋಗಿಬರುವ ಹೊತ್ತು ಕಮ್ಮಿ ಆಗುವುದಿಲ್ಲ. ನಮ್ಮ ಹಾಸನದ ಇಸ್ರೋ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿಯಿಂದ ನೋಡಿಕೊಳ್ಳುವ ಉಪಗ್ರಹಗಳು ಸುಮಾರು 36,000 ಕಿ.ಮೀ. ಮೇಲಿವೆ. ಅಷ್ಟು ಎತ್ತರದ ಉಪಗ್ರಹದ ಮೂಲಕ ಇಂಟರ್ನೆಟ್ ತಗೊಂಡರೆ ಪ್ರಶ್ನೆ ಹೋಗಿ ಉತ್ತರ ಬರಲು ಬೆಳಕಿಗೇ ಅರ್ಧ ಸೆಕೆಂಡ್ ಬೇಕು, ಪ್ಲಾನ್ ಯಾವುದೇ ಇರಲಿ. ತೋಟದ ಒಳಗೆ ಫೈಬರ್ ಬರದ ಕಡೆ ಇರುವವರು ಇದನ್ನು ನೆನಪಿಟ್ಟುಕೊಳ್ಳಿ.

ಹಾಗಾಗಿ ಚಿಕ್ಕಮಗಳೂರು ಆಫೀಸಿನಲ್ಲೇ ತಮ್ಮನಿಗಾಗಿ ಒಂದು ಕಂಪ್ಯೂಟರ್ ಇಡಿ. ಅವರು ಮೂಡಿಗೆರೆಯಿಂದ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಅದನ್ನು ನಡೆಸಲಿ. ಆಗ ದಾರಿಯಲ್ಲಿ ಓಡಾಡುವುದು ಪರದೆಯ ಚಿತ್ರ ಮಾತ್ರ. ಆಫೀಸಿನ ಆ ಕಂಪ್ಯೂಟರಿಗೆ ವಿಂಡೋಸ್ ಪ್ರೊ ಬೇಕು, ಹೋಮ್ ಆಗುವುದಿಲ್ಲ. ಪ್ರೊದಲ್ಲೂ ಒಂದು ಸಲಕ್ಕೆ ಒಬ್ಬರೇ. ಟ್ಯಾಲಿ ಒಟ್ಟಿಗೆ ಹಲವು ಕಂಪ್ಯೂಟರ್‌ನಲ್ಲಿ ನಡೆಯಲು ಗೋಲ್ಡ್ ಲೈಸೆನ್ಸ್ ಬೇಕು, ನಿಮ್ಮದು ಅದೇ ಇರಬೇಕು. ಆದರೆ ರೂಟರ್‌ನಲ್ಲಿ ರಿಮೋಟ್ ಡೆಸ್ಕ್‌ಟಾಪಿನ 3389 ಪೋರ್ಟನ್ನು ನೇರ ಹೊರಗೆ ತೆರೆಯಲು ಯಾರಾದರೂ ಬಂದರೆ ಬೇಡ ಅನ್ನಿ. ರ‍್ಯಾನ್ಸಮ್‌ವೇರ್‌ನವರು (ಡೇಟಾಗೆ ಬೀಗ ಜಡಿದು ದುಡ್ಡು ಕೇಳುವ ಕಳ್ಳರು) ಹಗಲೂ ರಾತ್ರಿ ತಟ್ಟುವ ಬಾಗಿಲು ಅದು. ವಿಪಿಎನ್ ಒಳಗಿಂದಲೇ ಬರಬೇಕು. ರೂಟರ್‌ನ ವ್ಯಾನ್ ವಿಳಾಸ (ಹೊರಗಿನ ಇಂಟರ್ನೆಟ್ ಕಡೆಯ ಐಪಿ ನಂಬರ್) 100.64ರಿಂದ 100.127ರ ಒಳಗೆ ಶುರುವಾಗಿದ್ದರೆ ನಿಮಗೆ ಕೊಟ್ಟಿರುವುದು ಹಲವರು ಹಂಚಿಕೊಂಡ ವಿಳಾಸ. ಮಾಮೂಲಿ ವಿಪಿಎನ್ ಅದರಲ್ಲಿ ಕೂರುವುದಿಲ್ಲ, ಕಂಪನಿಯವರಿಂದ ಸ್ಟ್ಯಾಟಿಕ್ ಐಪಿ (ನಿಮಗೊಬ್ಬರಿಗೇ ಮೀಸಲಾದ ವಿಳಾಸ) ತಗೊಳ್ಳಿ, ಅಥವಾ ಟೇಲ್‌ಸ್ಕೇಲ್ ಥರದ ವಿಪಿಎನ್ ಸಾಫ್ಟ್‌ವೇರ್ ಹಾಕಿಸಿ.

ಸಾಫ್ಟ್‌ವೇರ್ ಬದಲಿಸುವುದೇ ಆದರೆ ಏಪ್ರಿಲ್ 1 ಲೆಕ್ಕಕ್ಕೆ ಚೆಂದ, ಹೊಸ ವರ್ಷ, ಹೊಸ ಪುಸ್ತಕ. ನಿಮ್ಮ ಅಂಗಡಿಗೆ ಮಾತ್ರ ಅದು ಕೆಟ್ಟ ಹೊತ್ತು. ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ಮೇಲೆ ತೋಟದವರು ಗೊಬ್ಬರಕ್ಕೆ ಮುಗಿಬೀಳುವುದು ಆಗಲೇ ಅಲ್ವಾ? ಹಾಗಾಗಿ ಐಟಂ, ಗಿರಾಕಿ ಪಟ್ಟಿ ಎಲ್ಲಾ ಫೆಬ್ರವರಿಯಲ್ಲೇ ಏರಿಸಿ, ಮಾರ್ಚ್‌ನಲ್ಲಿ ಎರಡರಲ್ಲೂ ಬಿಲ್ ಹಾಕಿ ತಾಳೆ ನೋಡಿ. ತಲೆಕೆಡಿಸುವುದು ಉದ್ರಿ ಲೆಕ್ಕ. ಕಾಫಿ ಮಾರಿದ ಮೇಲೆ ಕೊಡ್ತೀನಿ ಅಂದವರ ಬಾಕಿ ಒಂದು ವರ್ಷದಿಂದ ಇನ್ನೊಂದಕ್ಕೆ ಎಳೆದುಕೊಂಡು ಬಂದಿರುತ್ತೆ, ಒಬ್ಬರದೇ ಹೆಸರು ಮೂರು ಸ್ಪೆಲಿಂಗ್‌ನಲ್ಲಿ ಮೂರು ಲೆಡ್ಜರ್ ಆಗಿರುತ್ತೆ. ಅದನ್ನು ಹಳೇ ಟ್ಯಾಲಿಯಲ್ಲೇ ಕೂಡಿಸಿ ಸರಿಮಾಡಿ, ಬಾಕಿಪಟ್ಟಿ ಪ್ರಿಂಟ್ ತೆಗೆದು ನೀವೇ ಒಮ್ಮೆ ಕಣ್ಣಾಡಿಸಿ. ಸಾಫ್ಟ್‌ವೇರ್‌ನವರಿಗೆ ಯಾರು ಯಾರ ಅಳಿಯ ಅಂತ ಗೊತ್ತಿರುವುದಿಲ್ಲ. ಬದಲಿಸಿದ ಮೇಲೂ ಹಳೇ ಟ್ಯಾಲಿಯನ್ನು ಅಳಿಸಬೇಡಿ. ಅದರ ಬ್ಯಾಕಪ್ ಒಂದು ಅಂಗಡಿಯ ಪೆನ್‌ಡ್ರೈವ್‌ನಲ್ಲಿ, ಒಂದು ಮನೆಯಲ್ಲಿ, ಒಂದು ಆನ್‌ಲೈನ್ ಡ್ರೈವ್‌ನಲ್ಲಿ ಇರಲಿ. ಬೇರೆ ಕಂಪ್ಯೂಟರ್‌ನಲ್ಲಿ ತೆರೆದು ನೋಡದ ಬ್ಯಾಕಪ್ಪನ್ನು ಬ್ಯಾಕಪ್ ಅಂತ ಲೆಕ್ಕಕ್ಕೆ ಹಿಡಿಯಬೇಡಿ.

ಹಳೇ ರೂಟರ್ ಗೋಡೌನ್‌ಗೆ ಧಾರಾಳವಾಗಿ ಆಗುತ್ತೆ. 100 ಎಂಬಿಪಿಎಸ್ ಪೋರ್ಟ್ ಇದ್ದರೂ ಅಲ್ಲಿಗೆ ಸಾಕು. ಹಾಕುವ ಮುಂಚೆ ಮೂರು ಕೆಲಸ ಮಾಡಿಸಿ: ಅದರ ಡಿಎಚ್‌ಸಿಪಿ (ಕಂಪ್ಯೂಟರ್‌ಗಳಿಗೆ ವಿಳಾಸ ಹಂಚುವ ಕೆಲಸ) ಆಫ್ ಮಾಡಿಸಿ, ಐಪಿ ವಿಳಾಸವನ್ನು ದೊಡ್ಡ ರೂಟರ್‌ಗಿಂತ ಬೇರೆ ಕೊಡಿಸಿ, ಹಳೇ ಪಾಸ್‌ವರ್ಡ್ ಬದಲಿಸಿ. ಆಮೇಲೆ ಮೀಡಿಯಾ ಕನ್ವರ್ಟರ್‌ನಿಂದ ಬಂದ ಕೇಬಲ್ಲನ್ನು ಅದರ ಲ್ಯಾನ್ ಪೋರ್ಟಿಗೆ ಚುಚ್ಚಿ. ಬೇರೆ ಬಣ್ಣದ ವ್ಯಾನ್ ಪೋರ್ಟಿಗಲ್ಲ.